ಪ್ರಮಾಣಪತ್ರದಲ್ಲಿ ಎಫ್‌ಆರ್, ಗೋಡೆಯಲ್ಲಿ ಪ್ಲಾಸ್ಟಿಕ್

ಮೈಸೂರಿನ ಹುಣಸೂರು ರಸ್ತೆಗೆ ಮುಖ ಮಾಡಿರುವ ಒಂದು ವಾಣಿಜ್ಯ ಕಟ್ಟಡದ ನಿರ್ವಹಣೆ ಆರು ವರ್ಷಗಳಿಂದ ನನ್ನ ಪಾಲಿಗಿದೆ. ಕೆಳಗೆ ಜವಳಿ ಅಂಗಡಿ, ನಡುವೆ ಎರಡು ಮಹಡಿ ಕಚೇರಿಗಳು, ಮೇಲೆ ಕೋಚಿಂಗ್ ತರಗತಿ. ನಕ್ಷೆಯಲ್ಲಿ ಎತ್ತರ 14.9 ಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿ 15 ಮೀಟರ್ ಮುಟ್ಟಿದ ಕಟ್ಟಡವನ್ನು ಹೈರೈಸ್ ಎಂದು ಎಣಿಸಿ ಹೆಚ್ಚು ಬಿಗಿಯಾದ ಅಗ್ನಿ ಸುರಕ್ಷತೆ ಕೇಳುತ್ತದೆಯಾದ್ದರಿಂದ ಆ ಹತ್ತು ಸೆಂಟಿಮೀಟರ್ ಯಾರ ಜಾಣತನವೆಂದು ಬಿಡಿಸಿ ಹೇಳಬೇಕಿಲ್ಲ.

ಕಳೆದ ಬೇಸಿಗೆಯ ಒಂದು ಶನಿವಾರ, ಹೊಸ ಬಾಡಿಗೆದಾರರ ನಾಮಫಲಕಕ್ಕೆಂದು ತಾರಸಿಯ ಪ್ಯಾರಪೆಟ್ ಬಳಿ ಬ್ರಾಕೆಟ್ ವೆಲ್ಡಿಂಗ್ ನಡೆಯುತ್ತಿತ್ತು. ಕಿಡಿ ಹಾರುವ ಕೆಲಸಕ್ಕೆ ಬೇಕಾದ ಹಾಟ್ ವರ್ಕ್ ಪರ್ಮಿಟ್‌ಗೆ ಸಹಿ ಹಾಕಿದವನು ನಾನೇ. ಬ್ರಾಕೆಟ್‌ಗೆ ಜಾಗ ಮಾಡಲು ಎಸಿಪಿಯ, ಅಂದರೆ ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ತಿರುಳಿರುವ ಹೊರಗೋಡೆಯ ಹಲಗೆಯ, ಕೋಪಿಂಗನ್ನು (ಮೇಲ್ತುದಿಯ ಮುಚ್ಚಳವನ್ನು) ಬಿಚ್ಚಿಟ್ಟಿದ್ದಾರೆಂಬುದು ನನಗೆ ಗೊತ್ತಿತ್ತು. ಬಿಚ್ಚಿದ ಕೋಪಿಂಗ್ ಎಂದರೆ ಗೋಡೆಗೂ ಹಲಗೆಗೂ ನಡುವಿನ ಸಂದಿಗೆ ತೆರೆದ ಬಾಯಿ ಎಂಬುದು ಮಾತ್ರ ಹೊಳೆಯಲಿಲ್ಲ.

ಹನ್ನೊಂದೂ ಮುಕ್ಕಾಲಿನ ಹೊತ್ತಿಗೆ ಕಾವಲುಗಾರ ಬಂದು ಎರಡನೇ ಮಹಡಿಯ ಹಲಗೆಗಳ ಜಾಯಿಂಟಿನಿಂದ ಹೊಗೆ ಬರುತ್ತಿದೆ ಎಂದ. ಹೊರಗೆ ಹೋಗಿ ನೋಡಿದೆ. ಊದುಬತ್ತಿಯಷ್ಟು ತೆಳುವಾದ ಎಳೆಯೊಂದು ಸಿಲಿಕೋನ್ ಗೆರೆಯಿಂದ ಹೊರಬಂದು ಗಾಳಿಯಲ್ಲಿ ಕರಗುತ್ತಿತ್ತು. ಉರಿ ಎಲ್ಲೂ ಕಾಣಲಿಲ್ಲ. ಎಲ್ಇಡಿ ಪಟ್ಟಿಯ ವೈರ್ ಬಿಸಿಯಾಗಿರಬೇಕೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ಆ ಸರ್ಕ್ಯೂಟಿನ ಎಂಸಿಬಿ ಸ್ವಿಚ್ ಇಳಿಸಲು ಹೇಳಿ, ಏಣಿ ತರಿಸಿ, ಜಾಯಿಂಟಿಗೆ ಸಿಒ2 ಅಗ್ನಿನಂದಕ ಹೊಡೆದೆ. ಹೊಗೆ ನಿಂತಿತು. ಅರ್ಧ ನಿಮಿಷದ ಬಳಿಕ ಒಂದು ಹಲಗೆ ಮೇಲಿನ ಜಾಯಿಂಟಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಆಗಲಾದರೂ ಅಲಾರಂ ಒತ್ತಬೇಕಿತ್ತು. ಮೇಲೆ ಮಕ್ಕಳು ಅಣಕು ಪರೀಕ್ಷೆ ಬರೆಯುತ್ತಿದ್ದರು; ಸುಮ್ಮನೆ ಎಬ್ಬಿಸಿದರೆ ಕೋಚಿಂಗಿನವರು ಮಾಲೀಕರಿಗೆ ದೂರುತ್ತಾರೆ, ಮಾಲೀಕರು ನನ್ನನ್ನು ಕರೆಸುತ್ತಾರೆ ಎಂಬ ಲೆಕ್ಕ ಹಾಕುತ್ತಾ ನಾನು ಏಣಿಯ ಮೇಲೆಯೇ ನಿಂತಿದ್ದೆ. ಆಮೇಲೆ ಸಿಸಿಟಿವಿಯಲ್ಲಿ ನೋಡಿದಾಗ ಆ ನಿಲುವು ನಾಲ್ಕು ನಿಮಿಷ ಹತ್ತು ಸೆಕೆಂಡಿನದ್ದು.

ಅಷ್ಟರಲ್ಲಿ ಹಲಗೆಯ ಕೆಳ ಅಂಚಿನಿಂದ ಉರಿಯುವ ಕಪ್ಪು ಹನಿಗಳು ಒಂದೊಂದಾಗಿ ನಿಲ್ಲಿಸಿದ್ದ ಸ್ಕೂಟರಿನ ಸೀಟಿನ ಮೇಲೆ ಬೀಳತೊಡಗಿದವು. ಅಲಾರಂ ಒತ್ತುವ ಕಾಲ್ ಪಾಯಿಂಟಿನ ಗಾಜು ಒಡೆದದ್ದು ಆಗ. ಮಕ್ಕಳು ಹಿಂದಿನ ಮೆಟ್ಟಿಲಿನಿಂದ ಇಳಿದರು. ಹೋಸ್ ರೀಲಿನ ನೀರು ಹಲಗೆಯ ಹೊಳೆಯುವ ಮುಖದ ಮೇಲೆ ಹರಿದು ಹೋಗುತ್ತಿತ್ತೇ ಹೊರತು ಹಿಂದಿನ ಬೆಂಕಿಗೆ ಒಂದು ತೊಟ್ಟೂ ತಲುಪುತ್ತಿರಲಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ಹಾರೆಯಿಂದ ಎರಡು ಹಲಗೆಗಳನ್ನು ಮೀಟಿ ಕೆಡವಿದ ಮೇಲೆಯೇ ನೀರಿಗೆ ಕೆಲಸ ಸಿಕ್ಕಿತು. ಅಗ್ನಿಶಾಮಕ ವಾಹನ ಬಂದಾಗ ಉಳಿದದ್ದು ಹೊಗೆ ಮತ್ತು ನಾಚಿಕೆ.

ಸೋಮವಾರ ಕಡತ ತೆಗೆದೆ. ಎಫ್‌ಆರ್ (ಬೆಂಕಿ ತಡೆಯುವ) ದರ್ಜೆ, ಬೆಂಕಿ ಪರೀಕ್ಷೆಯ ಯುರೋಪಿಯನ್ ಶ್ರೇಣಿ ಬಿ-ಎಸ್1, ಡಿ0 ಎಂಬ ಪ್ರಮಾಣಪತ್ರ ಅಚ್ಚುಕಟ್ಟಾಗಿ ಅಲ್ಲೇ ಇತ್ತು. ಡಿ0 ಎಂದರೆ ಪರೀಕ್ಷೆಯಲ್ಲಿ ಉರಿಯುವ ಹನಿ ಬೀಳಲಿಲ್ಲವೆಂದು ಅರ್ಥ. ಸೀಟು ಸುಟ್ಟ ಸ್ಕೂಟರ್ ಇನ್ನೂ ಕಿಟಕಿಯ ಕೆಳಗೆ ನಿಂತಿತ್ತು. ಕೆಡವಿದ ಹಲಗೆಯ ಹಿಂಬದಿಯಲ್ಲಿದ್ದ ಬ್ಯಾಚ್ ಸಂಖ್ಯೆಗೂ ಪ್ರಮಾಣಪತ್ರದ ಸಂಖ್ಯೆಗೂ ಸಂಬಂಧವೇ ಇರಲಿಲ್ಲ. ಹ್ಯಾಂಡೋವರ್ ದಿನ ಇವೆರಡನ್ನೂ ಹೋಲಿಸಿ ನೋಡಲು ಐದು ನಿಮಿಷ ಸಾಕಿತ್ತು. ಉಳಿದಿದ್ದ ತುಂಡಿನ ಅಂಚನ್ನು ಅಂಗಳದಲ್ಲಿ ಲೈಟರಿಗೆ ಹಿಡಿದೆವು. ಎಫ್‌ಆರ್ ಹಲಗೆಯ ಖನಿಜ ತುಂಬಿದ ತಿರುಳು ಸಾಮಾನ್ಯವಾಗಿ ಬೂದಿಗಟ್ಟಿ ನಿಲ್ಲುತ್ತದೆ. ಇದು ಮೇಣದಂತೆ ಕರಗಿ ಉರಿಯುತ್ತಾ ತೊಟ್ಟಿಕ್ಕಿತು. ಲೈಟರ್ ಪುರಾವೆಯಲ್ಲವೆಂದು ಪ್ರಯೋಗಾಲಯಕ್ಕೂ ಕಳಿಸಿದೆ. ಉತ್ತರ ಅದೇ ಬಂತು, ಪಾಲಿಎಥಿಲೀನ್ ಪ್ಲಾಸ್ಟಿಕ್.

ಹೆಚ್ಚು ಚುಚ್ಚುವ ಸಂಗತಿ ಬೇರೆ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಕುರಿತು ಸಿಬ್ಬಂದಿಗೆ ಪಾಠ ಮಾಡುತ್ತಿದ್ದವನು ನಾನು. 2017ರ ಜೂನ್ 14ರಂದು ನಾಲ್ಕನೇ ಮಹಡಿಯ ಅಡುಗೆಮನೆಯ ಫ್ರಿಜ್ಜಿನಿಂದ ಹೊರಟ ಬೆಂಕಿ ಇಂಥದೇ ತಿರುಳಿನ ಹಲಗೆಗಳನ್ನು ಹಿಡಿದು 24 ಮಹಡಿಗಳ ಕಟ್ಟಡವನ್ನೇರಿದ್ದು, 72 ಜನ ಸತ್ತದ್ದು, ಮರುವರ್ಷ ಇಂಗ್ಲೆಂಡ್ 18 ಮೀಟರಿಗೂ ಎತ್ತರದ ಹೊಸ ವಸತಿ ಕಟ್ಟಡಗಳ ಹೊರಗೋಡೆಯಲ್ಲಿ ಉರಿಯುವ ಸಾಮಗ್ರಿಯನ್ನು ನಿಷೇಧಿಸಿದ್ದು, ಎಲ್ಲಕ್ಕೂ ನನ್ನ ಬಳಿ ಸ್ಲೈಡುಗಳಿದ್ದವು. ಸಂದಿ ಚಿಮಣಿಯಂತೆ ಎಳೆಯುತ್ತದೆ ಎಂಬ ಚಿತ್ರವೂ ಇತ್ತು. ಅದನ್ನು ತೋರಿಸುವಾಗ ನನ್ನ ಬೆನ್ನ ಹಿಂದಿದ್ದದ್ದು ಇದೇ ಗೋಡೆ.

ಮಾಲೀಕರ ಮೊದಲ ಸಲಹೆ ಎಫ್‌ಆರ್ ಬಣ್ಣ ಬಳಿಸುವುದು. ತಿರುಳು ಒಳಗಿದೆ, ಬೆಂಕಿ ಬಂದದ್ದು ಹಿಂದಿನಿಂದ, ಬಣ್ಣ ಬೀಳುವುದು ಮುಂದೆ ಎಂದು ಮೂರು ಸಭೆಗಳಲ್ಲಿ ವಿವರಿಸಬೇಕಾಯಿತು. ಗುತ್ತಿಗೆದಾರರು ಕಟ್ಟಡ 15 ಮೀಟರಿಗಿಂತ ಕೆಳಗಿದೆಯೆಂದು ಹೇಳಿ ಕೈತೊಳೆದುಕೊಂಡರು. ಬಿಒಕ್ಯೂದಲ್ಲಿ (ಕಾಮಗಾರಿಯ ಸಾಮಗ್ರಿ-ಪ್ರಮಾಣ ಪಟ್ಟಿಯಲ್ಲಿ) ನಾವೇ ‘ಎಸಿಪಿ, 4 ಎಂಎಂ’ ಎಂದಷ್ಟೇ ಬರೆದಿದ್ದೆವು, ತಿರುಳಿನ ಮಾತೇ ಇರಲಿಲ್ಲ. ಹಾಗಾಗಿ ಅವರ ಮೇಲೆ ಕೂಗಾಡುವ ನೈತಿಕತೆಯೂ ನಮಗೆ ಉಳಿಯಲಿಲ್ಲ. ಹೊಸ ಬಿಒಕ್ಯೂದಲ್ಲಿ ಎಸಿಪಿಗೆಂದೇ 2021ರಲ್ಲಿ ಬಂದ ಭಾರತೀಯ ಮಾನಕ ಐಎಸ್ 17682, ಬಹುತೇಕ ಉರಿಯದ ಎ2 ದರ್ಜೆಯ ತಿರುಳು, ಪ್ರತಿ ಮಹಡಿಯ ಮಟ್ಟದಲ್ಲಿ ಸಂದಿಗೆ ಅಡ್ಡ ತಡೆ, ಇಳಿದ ಪ್ರತಿ ಲೋಡಿನಿಂದ ನಮ್ಮೆದುರೇ ಕತ್ತರಿಸಿದ ಮಾದರಿ ಎಂದೆಲ್ಲ ಸೇರಿಸಿದ್ದೇನೆ. ದರ ನೋಡಿ ಮಾಲೀಕರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ರಸ್ತೆಯ ಬದಿ ಮುಗಿದಿದೆ. ಹಿಂಬದಿಯ ಕಡತ ಎರಡನೇ ಕಂತಿಗಾಗಿ ಕಾಯುತ್ತಿದೆ, ಮೆಟ್ಟಿಲು ಇರುವುದೂ ಅದೇ ಬದಿಯಲ್ಲಿ. ಅಲ್ಲಿ ಎಸಿ ಸ್ಟ್ಯಾಂಡ್ ವೆಲ್ಡ್ ಮಾಡಿಸಬೇಕೆಂದು ಕೋಚಿಂಗಿನವರು ಎರಡು ಬಾರಿ ಅರ್ಜಿ ಕೊಟ್ಟಿದ್ದಾರೆ. ಎರಡೂ ಬಾರಿ ಪರ್ಮಿಟ್ ಪುಸ್ತಕ ನನ್ನ ಡ್ರಾಯರಿನಿಂದ ಹೊರಗೆ ಬಂದಿಲ್ಲ.