ತುಲಾ ತಿಂಗಳ ಸಿಡಿಲು ಮತ್ತು ಹೊಸ ರಿಸೀವರ್

ಕಳೆದ ತುಲಾ ತಿಂಗಳಲ್ಲಿ ಒಂದು ಸಂಜೆ ಬದಿಯಡ್ಕದ ನಮ್ಮ ಮನೆ ಹತ್ರ ಸಿಡಿಲು ಬಿತ್ತು. ಪ್ಲಗ್ಗೆಲ್ಲ ತೆಗ್ದೇ ಇಟ್ಟಿದ್ದೆ, ಆದ್ರೆ ಡಿಶ್ಶಿನ ವಯರು ಹಾಗೇ ಇತ್ತು, ಅದ್ರಲ್ಲೇ ಒಳಗೆ ಬಂದು ಸೆಟ್‌ಟಾಪ್ ಬಾಕ್ಸು, ಅಲ್ಲಿಂದ ಎಚ್‌ಡಿಎಂಐ ಕೇಬಲ್ ಹಿಡ್ಕೊಂಡು ಹಳೇ ರಿಸೀವರು (ಸೌಂಡನ್ನು ಬಿಡಿಸಿ, ದೊಡ್ಡದು ಮಾಡಿ ಸ್ಪೀಕರುಗಳಿಗೆ ಕೊಡುವ ಪೆಟ್ಟಿಗೆ), ಎರಡೂ ಹೋಯ್ತು. ನಂಗೆ ತುಂಬ ಬೇಜಾರಾಯ್ತು, ಅಪ್ಪನಿಗೆ ಅದ್ರಿಂದ ಜಾಸ್ತಿ, ಯಾಕಂದ್ರೆ ರಾತ್ರಿ ಊಟ ಆದ್ಮೇಲೆ ಒಂದು ಯಕ್ಷಗಾನದ ಪದ ಕೇಳದೆ ಅವ್ರಿಗೆ ನಿದ್ದೆ ಬರುವುದಿಲ್ಲ.

ಬಜೆಟ್ ಸಣ್ಣದು. ಒಂದು ಶನಿವಾರ ನನ್ನ ಬ್ಲೂ-ರೇ ಪ್ಲೇಯರನ್ನೇ ಚೀಲಕ್ಕೆ ಹಾಕಿ, ಡಾಲ್ಬಿ ಟ್ರೂಎಚ್‌ಡಿ, ಅಂದ್ರೆ ಗುಣ ಕಳೆಯದ ಸರೌಂಡ್ ಸೌಂಡ್, ಇರುವ ಒಂದು ಡಿಸ್ಕ್ ಇಟ್ಕೊಂಡು ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಹೋದೆ. ಇದೊಂದು ಕೆಲ್ಸ ಯಾರು ರಿಸೀವರ್ ತಗೊಳ್ಳುವವ್ರಿದ್ರೂ ಮಾಡ್ಬೇಕು, ಅಂಗಡಿಯ ಡೆಮೋ ಕೇಳಿ ಎಂತದೂ ಗೊತ್ತಾಗುವುದಿಲ್ಲ.

ಮೊದ್ಲು ತೋರಿಸಿದ್ದು ಬಾಕ್ಸಿನ ಮೇಲೆ ದೊಡ್ಡಕ್ಕೆ 1000 ವ್ಯಾಟ್ ಅಂತ ಬರ್ದಿದ್ದ ಸೆಟ್ಟು. ಹಿಂದೆ ತಿರುಗಿಸಿ ನೋಡಿದ್ರೆ ಪ್ಲೇಯರಿನ ಆಡಿಯೋಗೆ ಇದ್ದದ್ದು ಆಪ್ಟಿಕಲ್ (ಬೆಳಕಿನಲ್ಲಿ ಸೌಂಡ್ ಕಳಿಸುವ ವಯರಿನ ತೂತು) ಒಂದೇ. ಆಪ್ಟಿಕಲ್ ವಯರಿನಲ್ಲಿ ಎರಡು ಚಾನೆಲ್ಲಿನ ಪಿಸಿಎಂ (ಕುಗ್ಗಿಸದ ಡಿಜಿಟಲ್ ಸೌಂಡ್) ಅಥವಾ ಕುಗ್ಗಿಸಿದ ಮಾಮೂಲಿ ಡಾಲ್ಬಿ, ಡಿಟಿಎಸ್ ಅಷ್ಟೇ ಹೋಗುವುದು. ಟ್ರೂಎಚ್‌ಡಿ, ಅದ್ರ ಹಾಗಿನದ್ದೇ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಹಾಗೇ ಬರ್ಬೇಕಾದ್ರೆ ಎಚ್‌ಡಿಎಂಐ ಬೇಕು, 2006ರಲ್ಲಿ ಬಂದ 1.3 ವರ್ಷನ್ನಿನಿಂದ ಅದಕ್ಕೆ ದಾರಿ ಆಗಿದೆ. ಪ್ಲೇಯರನ್ನು ಟಿವಿಗೆ ಹಾಕಿ ಅಲ್ಲಿಂದ ಎಆರ್‌ಸಿಯಲ್ಲಿ (ಟಿವಿಯ ಸೌಂಡನ್ನು ಎಚ್‌ಡಿಎಂಐ ವಯರಿನಲ್ಲೇ ರಿಸೀವರಿಗೆ ವಾಪಸ್ ಕಳಿಸುವ ದಾರಿ) ಸೌಂಡ್ ತಗೊಳ್ತೇನೆ ಅಂದ್ರೂ ಅದೇ ಕತೆ, ಎಚ್‌ಡಿಎಂಐ 2.1ರ ಜೊತೆ ಬಂದ ಇಎಆರ್‌ಸಿ, ಅಂದ್ರೆ ಅದ್ರ ಸುಧಾರಿಸಿದ ರೂಪ, ಟಿವಿಯಲ್ಲೂ ರಿಸೀವರಲ್ಲೂ ಎರಡ್ರಲ್ಲೂ ಇದ್ರೆ ಮಾತ್ರ ಆಗ್ತದೆ, ನಮ್ಮ ಟಿವಿಯಲ್ಲಿ ಇಲ್ಲ. ಹಾಗಾಗಿ ಪ್ಲೇಯರು ಸೀದಾ ರಿಸೀವರಿಗೆ, ಚಿತ್ರ ಅಲ್ಲಿಂದ ಟಿವಿಗೆ. ಹಾಗೆ ಮಾಡುವಾಗ ರಿಸೀವರಲ್ಲಿ ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗ) ಉಂಟಾ ಅಂತ ನೋಡ್ಲೇಬೇಕು, ಇಲ್ಲದಿದ್ರೆ ಮುಂದೆ 4ಕೆ ಡಿಸ್ಕ್ ಹಾಕಿದ್ರೂ 4ಕೆ ಚಿತ್ರ ಬರ್ಲಿಕ್ಕಿಲ್ಲ.

ಕಡೆಗೆ ತಗೊಂಡದ್ದು ಯಮಹಾ ಆರ್‌ಎಕ್ಸ್-ವಿ385. 5.1 ಚಾನೆಲ್ (ಐದು ಸ್ಪೀಕರ್, ಒಂದು ಸಬ್‌ವೂಫರ್), ನಾಲ್ಕು ಎಚ್‌ಡಿಎಂಐ ಒಳಗೆ, ಒಂದು ಹೊರಗೆ. ಚಾನೆಲ್ಲಿಗೆ 70 ವ್ಯಾಟ್ ಅಷ್ಟೇಯಾ ಅಂತ ಭಾವ ಫೋನಲ್ಲಿ ಕೇಳಿದ, ಆದ್ರೆ ಅದು ಎರಡು ಚಾನೆಲ್ ಒಟ್ಟಿಗೆ ಓಡುವಾಗ 20 ಹರ್ಟ್ಸಿಂದ 20 ಕಿಲೋಹರ್ಟ್ಸ್ ತನಕ, ಅಂದ್ರೆ ಕಿವಿಗೆ ಕೇಳುವಷ್ಟು, ಪೂರ್ತಿ ಅಳೆದ ಲೆಕ್ಕ, ನಮ್ಮ ಚಾವಡಿಗೆ ಧಾರಾಳ ಸಾಕು. ಅಂಗಡಿಯಲ್ಲೇ ನನ್ನ ಪ್ಲೇಯರ್ ಜೋಡಿಸಿ, ಬಿಟ್‌ಸ್ಟ್ರೀಮ್ (ಸೌಂಡನ್ನು ಬಿಡಿಸದೆ ಹಾಗೇ ರಿಸೀವರಿಗೆ ಕಳಿಸುವ) ಸೆಟ್ಟಿಂಗ್ ಮಾಡಿ, ಡಿಸ್‌ಪ್ಲೇಯಲ್ಲಿ ಟ್ರೂಎಚ್‌ಡಿ ಅಂತ ಬಂದ್ಮೇಲೆಯೇ ದುಡ್ಡು ಕೊಟ್ಟದ್ದು.

ಮನೆಗೆ ಬಂದ್ರೆ ಮಳೆ! ಜೊತೆಗೆ ಕೊಟ್ಟ ಮೈಕನ್ನು ಕೂತ್ಕೊಳ್ಳುವಲ್ಲಿ ಕಿವಿಯ ಎತ್ತರಕ್ಕೆ ಇಟ್ರೆ ಸ್ಪೀಕರ್ ಒಂದೊಂದಾಗಿ ಶಬ್ದ ಮಾಡಿ ದೂರ, ಲೆವೆಲ್ ಎಲ್ಲ ತಾನೇ ಅಳೀತದೆ, ಅದಕ್ಕೆ ವೈಪಿಎಒ ಅಂತಾರೆ. ಅಂಗಳದ ತಗಡಿನ ಮೇಲೆ ಮಳೆ ಹೊಡೀತಾ ಇದ್ರೆ ಗದ್ದಲ ಜಾಸ್ತಿ ಅಂತ ನಿಂತು ಹೋಗ್ತದೆ. ರಾತ್ರಿ ಹನ್ನೊಂದರ ಮೇಲೆ ಮಳೆ ಬಿಟ್ಟಿತು, ಫ್ಯಾನ್ ಬಂದ್ ಮಾಡಿ ಪುನಃ ಹಾಕಿದೆ, ಈ ಸಲ ಒಂದು ಸ್ಪೀಕರಿನ ಫೇಸ್ ತಪ್ಪು ಅಂತ ಬಂತು, ನೋಡಿದ್ರೆ ಎಡದ್ದರ ಪ್ಲಸ್ ಮೈನಸ್ ಅದಲು ಬದಲು ಆಗಿತ್ತು. ಸರಿ ಮಾಡಿದೆ.

ಅಪ್ಪ ಎದ್ದೇ ಇದ್ರು. ಯಕ್ಷಗಾನ ಆಟದ ಒಂದು ಹಳೇ ಡಿವಿಡಿ ಹಾಕಿದೆ. ಅದು ಬರೀ ಸ್ಟೀರಿಯೋ, ಸರೌಂಡ್ ಮೋಡಲ್ಲಿ ಭಾಗವತರ ಸ್ವರ ಬಾವಿಯಿಂದ ಬಂದ ಹಾಗೆ ಕೇಳಿತು. ಎಂತದೂ ಸೇರಿಸದೆ ಇದ್ದ ಹಾಗೇ ಕೊಡುವ ಸ್ಟ್ರೈಟ್ ಮೋಡಿಗೆ ಹಾಕಿದ ಕೂಡ್ಲೆ ಸ್ವರ ನಡುವಿಗೆ ಬಂತು, ಚೆಂಡೆಯ ಪೆಟ್ಟಿನ ಅಡಿಯಲ್ಲಿ ಮುಚ್ಚಿ ಹೋಗ್ತಿದ್ದ ಮದ್ದಳೆಯ ಬೆರಳು ಬೇರೆಯೇ ಕೇಳ್ಲಿಕ್ಕೆ ಶುರುವಾಯ್ತು. ಅಪ್ಪ ಎಂತದೂ ಹೇಳ್ಲಿಲ್ಲ, ಮೊಣಕಾಲಿನ ಮೇಲೆ ತಾಳ ಹಾಕ್ತಾ ಒಂದೂವರೆ ಗಂಟೆ ಕೂತ್ರು.

ಮರುದಿನ ಮಧ್ಯಾಹ್ನ ಮೋಡ ಕಟ್ಟಿದ ಕೂಡ್ಲೆ ಅವ್ರೇ ಎದ್ದು ಹೋಗಿ ಪ್ಲಗ್ಗಿನ ಜೊತೆ ಡಿಶ್ಶಿನ ವಯರನ್ನೂ ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಿದ್ರು.