ಕುರಿಹಟ್ಟಿಗೆ ಬಸ್ಸಿನಲ್ಲಿ ಬಂದ ಗೆಳತಿ

ಕಾರಟಗಿಯ ನಮ್ಮ ಗದ್ದೆಯಲ್ಲಿ ಭತ್ತದ ಕೊಯ್ಲು ಮುಗಿದು ಕೂಳೆಯಷ್ಟೇ ಉಳಿಯುವ ಹೊತ್ತಿಗೆ ಕುಷ್ಟಗಿ ಕಡೆಯ ಕುರಿಗಾರರು ಬಂದು ಬೀಡು ಬಿಡುತ್ತಾರೆ. ಮಳೆಯನ್ನೇ ನಂಬಿದ ಅವರ ಸೀಮೆಯಲ್ಲಿ ಮೇವು ತೀರಿದಾಗಲೂ ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ಒಂದಿಷ್ಟು ಹಸಿರು ಇರುತ್ತದೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ನಮಗೆ ಗೊಬ್ಬರ, ಅವರಿಗೆ ಕಾಳು ಇಲ್ಲವೇ ದುಡ್ಡು.

ಆ ಹಟ್ಟಿಯ ಇಬ್ಬರು ಮುದುಕಿಯರು ಬಂಧುಗಳಲ್ಲ. ಎರಡು ಮನೆಯ ಹಿಂಡುಗಳು ಜೊತೆಗೂಡಿ ಅಲೆಯುವುದರಿಂದ ಒಂದೇ ಒಲೆಗೆ ಬಂದವರು. ಎಷ್ಟು ವರ್ಷವಾಯಿತೆಂದು ಕೇಳಿದರೆ ಒಬ್ಬರು ಹೇಳುವ ಬರಗಾಲ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ, ಅಲ್ಲಿಂದಲೇ ಜಗಳ ಶುರುವಾಗುತ್ತದೆ. ಆದರೆ ತಾಯಿ ಹತ್ತಿರ ಸೇರಿಸದ ಮರಿಗೆ ಹಾಲು ಕುಡಿಸುವಾಗ ಮಾತೇ ಇರುವುದಿಲ್ಲ; ಒಬ್ಬರು ಕುರಿಯ ಕತ್ತನ್ನು ಮೊಣಕಾಲ ನಡುವೆ ಒತ್ತಿ ಹಿಡಿದರೆ ಇನ್ನೊಬ್ಬರು ಮರಿಯ ಬಾಯಿಗೆ ಮೊಲೆ ಕೊಡುತ್ತಾರೆ. ಕುರಿಗಳು ಮೇಯಲು ಹೋದ ಮೇಲೆ ಒಬ್ಬರು ಕರಿ ಉಣ್ಣೆಯನ್ನು ಹಿಂಜುತ್ತಾರೆ, ಇನ್ನೊಬ್ಬರು ನೂಲುತ್ತಾರೆ. ಒಬ್ಬರು ಹಿಂಜಿದ ಉಣ್ಣೆ ಇನ್ನೊಬ್ಬರಿಗೆ ಎಂದೂ ಒಪ್ಪಿಗೆಯಾದುದನ್ನು ನಾನು ಕಂಡಿಲ್ಲ.

ಎರಡು ವರ್ಷದ ಹಿಂದೆ ಹಿಂಜುವಾಕೆಯ ಮೊಣಕಾಲು ಕೈಕೊಟ್ಟು, ಮಗ ಅವರನ್ನು ಊರಿನಲ್ಲೇ ಬಿಟ್ಟು ಬಂದ. ಆ ಸುಗ್ಗಿಯಲ್ಲಿ ನೂಲುವಾಕೆಯ ಕದಿರು ಚೀಲದಿಂದ ಹೊರಗೆ ಬರಲಿಲ್ಲ. ನಾನು ಕಾರಣ ಕೇಳಿದ್ದಕ್ಕೆ, ಉಣ್ಣೆ ಈ ಸಲ ಚೆನ್ನಾಗಿಲ್ಲ ಎಂದರು.

ಕಳೆದ ಡಿಸೆಂಬರಿನಲ್ಲಿ ಮಧ್ಯಾಹ್ನ ನಮ್ಮ ಬದುವಿನ ಮೇಲೆ ಕೋಲೂರುತ್ತ ಬಂದವರು ಊರಿನಲ್ಲಿ ಉಳಿದಿದ್ದ ಆ ಗೆಳತಿಯೇ. ಕುಷ್ಟಗಿಯಲ್ಲಿ ಬಸ್ಸು ಹತ್ತಿ, ತಾವರಗೇರಾ, ಕನಕಗಿರಿ ದಾಟಿ, ಗಂಗಾವತಿಯಲ್ಲಿ ಬಸ್ಸು ಬದಲಿಸಿ ಬಂದಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದಾಗಿನಿಂದ, ಪುಕ್ಕಟೆ ಬಸ್ಸಿನಿಂದಾಗಿ ಹೆಂಗಸರು ಕೆಲಸವಿಲ್ಲದೆ ತಿರುಗುತ್ತಾರೆಂಬ ಕೊಂಕನ್ನು ನಮ್ಮೂರ ಕಟ್ಟೆಯ ಮೇಲೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈಕೆಯಂತೂ ಹುಟ್ಟಿದಂದಿನಿಂದ ತಿರುಗಿದವರು. ಅವರಿಗೆ ಒಂದೇ ಕಡೆ ಕೂರುವುದೇ ಹೊಸದು.

"ಇಲ್ಲಿಗ್ಯಾಕ ಬಂದಿ?" ಎಂದರು ನೂಲುವಾಕೆ, ಎದ್ದೇಳದೆ.

"ಮನ್ಯಾಗ ಬೈಯಾಕ ಯಾರೂ ಸಿಗವಲ್ರು, ಅದಕ್ಕ ಬಂದೆ," ಎಂದು ಅವರು ಕುಳಿತು, ಗಂಟು ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತೆಗೆದಿಟ್ಟರು. ಊಟವಾದ ಮೇಲೆ ಯಾರೂ ಹೇಳದೆಯೇ ಉಣ್ಣೆಯ ಮೂಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಎಂಟು ದಿನವಿದ್ದರು. ಹಟ್ಟಿ ಎತ್ತುವ ಹಿಂದಿನ ಸಂಜೆ ನನ್ನನ್ನು ಕರೆದು, "ಯವ್ವಾ, ಇವರು ಮುಂದ ಸಿರುಗುಪ್ಪದ ಕಡೆ ಹೊಂಟಾರ. ಸಿಂಧನೂರಾಗ ಬಸ್ಸು ಬದಲಿ ಮಾಡಬೇಕೇನು?" ಎಂದು ಕೇಳಿದರು. ನಾನು ಹೌದೆಂದೆ. ಆಧಾರ್ ಕಾರ್ಡನ್ನು ಎಲೆಅಡಿಕೆ ಸಂಚಿಯೊಳಗಿಟ್ಟು ದಾರ ಬಿಗಿದರು. ನೂಲುವಾಕೆ ಅತ್ತ ನೋಡದೆ, ಮುಂದಿನ ಸಲ ಚಟ್ನಿಗೆ ಉಪ್ಪು ಕಡಿಮೆ ಹಾಕಿಕೊಂಡು ಬರಲು ಹೇಳಿದರು.