ಹಳೆಯ ಡಬ್ಬಿ ಮುಗಿಯುವ ಮುನ್ನ

ಜೂನ್, ಎರಡನೆಯ ವಾರ
ಕಪಾಟಿನಲ್ಲಿ ಒಂದೂವರೆ ಡಬ್ಬಿ ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಸೀಸದ ಪುಟ್ಟ ಗುಂಡು, ಉಳಿದಿದೆ. ಡಬ್ಬಿಗೆ 500. ಹತ್ತು ಮೀಟರ್ ಏರ್ ಪಿಸ್ತೂಲಿನ ಒಂದು ಪಂದ್ಯಕ್ಕೇ 60 ಗುಂಡು ಬೇಕು. ಅದಕ್ಕೆ ಮುಂಚಿನ ಹದಿನೈದು ನಿಮಿಷದ ತಾಲೀಮಿಗೆ ಇಪ್ಪತ್ತೋ ಮೂವತ್ತೋ ಖರ್ಚು. ಪುಣೆಯ ಬಾಲೇವಾಡಿಯಲ್ಲಿ ವಾರಕ್ಕೆ ಮೂರು ಸಂಜೆ ಅಭ್ಯಾಸ ಮಾಡುವವನಿಗೆ ಇದು ತಿಂಗಳೂ ಬಾರದು. ಅಂಗಡಿಗೆ ಫೋನ್ ಮಾಡಿದರೆ, ‘ಆ ಛರ್ರೆ ಯಾವಾಗ ಬರುತ್ತದೋ ಹೇಳಲಾಗದು ಸಾಹೇಬರೇ, ಬೇರೆಯದು ಒಯ್ಯಿರಿ’ ಎಂಬ ಉತ್ತರ. ಮೂರು ವರ್ಷ ಒಂದೇ ಪೆಲೆಟ್ ಹಾರಿಸಿದ ಪಿಸ್ತೂಲಿಗೆ ಈಗ ಹೊಸ ಸಂಬಂಧ ಹುಡುಕಬೇಕು.

ಅಮೆರಿಕದಲ್ಲಿರುವ ಹೆಂಡತಿಯ ತಮ್ಮನಿಗೂ ಇದೇ ತಾಪತ್ರಯ. ಅವನು ಸ್ಪರ್ಧೆಯ ಪಿಸ್ತೂಲಿಗೆ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾನೆ; ಅವನ ಮದ್ದಿನ ಪುಡಿ ಅಂಗಡಿಗಳಲ್ಲಿ ಸಿಗುತ್ತಿಲ್ಲವಂತೆ. ‘ನಿಮ್ಮದು ಸುಲಭ ಭಾವ’ ಎಂದ. ಎರಡು ಮದ್ದುಗಳು ಉರಿಯುವ ವೇಗದ ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದರ ತೂಕವನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ತಯಾರಕರು ಆ ಮದ್ದಿಗೇ ಕೊಟ್ಟ ಲೆಕ್ಕವನ್ನು ಕೆಳಗಿನ ಮಟ್ಟದಿಂದ ಶುರು ಮಾಡಬೇಕು. ತಪ್ಪಿದರೆ ಪಿಸ್ತೂಲೇ ಸೀಳಬಹುದು. ನಾನು ತಪ್ಪಿದರೆ ಹೋಗುವುದು ಅಂಕ ಮಾತ್ರ. ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂಬ ಅವನ ಮಾತನ್ನು ಮಾತ್ರ ಗಂಟು ಹಾಕಿಕೊಂಡೆ.

ಜೂನ್, ಕೊನೆಯ ಭಾನುವಾರ
ನಾಲ್ಕು ಬಗೆ ಸಿಕ್ಕವು. ಎಲ್ಲವೂ 4.5 ಮಿಲಿಮೀಟರಿನ ಚಪ್ಪಟೆ ತಲೆಯವೇ. ಕಾಗದದಲ್ಲಿ ದುಂಡನೆಯ ತೂತು ಕೊರೆಯುವುದು ಆ ತಲೆಯೇ. ಒಂದು ಜರ್ಮನಿಯದು, 0.45 ಗ್ರಾಂ. ಚೀನಾದ್ದೊಂದು, ನನ್ನ ಹಳೆಯದರಂತೆ 0.49. ಮೂರನೆಯದು ರೈಫಲ್ಲಿನವರು ಬಳಸುವ 0.53ರ ಭಾರದ್ದು. ಕೊನೆಯದು ಅಭ್ಯಾಸಕ್ಕೆಂದು ಮಾರುವ ಅಗ್ಗದ ಮಾಲು.

ಲಕ್ಷ್ಮೀ ರಸ್ತೆಯ ಪರಿಚಿತ ಸರಾಫರ ತಕ್ಕಡಿಯಲ್ಲಿ ತಲಾ ಐವತ್ತನ್ನು ತೂಗಿದೆ. ಚಿನ್ನ ತೂಗುವ ತಟ್ಟೆಯಲ್ಲಿ ಸೀಸ ಕಂಡು ಅವರು ಮುಖ ಕಿವುಚಿದರು. ತೂಗಿದ ಮೇಲೆ ತಟ್ಟೆಯನ್ನು ನಾನೇ ಒರೆಸಿಕೊಟ್ಟೆ. ಅಗ್ಗದ್ದರಲ್ಲಿ ಒಂದಕ್ಕೊಂದು ತಾಳೆಯೇ ಇಲ್ಲ. ಜೊತೆಗೆ ಕೊರಿಯರಿನ ದಾರಿಯಲ್ಲಿ ಹಲವು ಪೆಲೆಟ್‌ಗಳ ಹಿಂಬದಿಯ ಲಂಗ ನಜ್ಜಾಗಿತ್ತು. ಒಳಗೆ ಟೊಳ್ಳಾದ ಆ ತೆಳು ಅಂಚೇ ಗಾಳಿಯ ಒತ್ತಡಕ್ಕೆ ಅರಳಿ ನಳಿಗೆಗೆ ಕಚ್ಚಿಕೊಳ್ಳಬೇಕಾದದ್ದು. ಅದು ಸೊಟ್ಟಗಿದ್ದರೆ ಮುಗಿಯಿತು.

ಜುಲೈ, ಮೊದಲ ವಾರ
ವಿಜಯಪುರದ ಕಡೆಯ ನಿವೃತ್ತ ಸುಬೇದಾರರೊಬ್ಬರು ನಮ್ಮ ರೇಂಜಿನಲ್ಲಿದ್ದಾರೆ. ಪಿಸ್ತೂಲಿನ ಹಿಡಿ ಬಿಚ್ಚಿ, ತೊಗಲಿನ ತುಂಡು ಸುತ್ತಿ, ಅಲುಗಾಡದಂತೆ ಹಿಡಿಯುವ ಕಬ್ಬಿಣದ ಇಕ್ಕಳಕ್ಕೆ (ವೈಸ್) ಬಿಗಿದುಕೊಟ್ಟವರು ಅವರೇ. ‘ನಿಮ್ಮ ಕೈಯನ್ನು ನಂಬಿ ಪೆಲೆಟ್ ಆರಿಸಿದರೆ ಡಬ್ಬಿಯ ಬಣ್ಣ ನೋಡಿ ಆರಿಸಿದ ಹಾಗೆಯೇ’ ಎಂದರು. ಬೇಸರವಾಯಿತು, ಆದರೆ ಮಾತು ನಿಜ.

ಪ್ರತಿ ಬಗೆಗೂ ಹತ್ತು ಹತ್ತು ಗುಂಡಿನ ಮೂರು ಗುಂಪು. ಬಗೆ ಬದಲಿಸಿದಾಗಲೆಲ್ಲ ಲೆಕ್ಕಕ್ಕೆ ಹಿಡಿಯದೆ ಹತ್ತು ಹಾರಿಸಿ, ನಳಿಗೆ ಹೊಸ ಸೀಸಕ್ಕೆ ಒಗ್ಗಿದ ಮೇಲೆ ಎಣಿಕೆ. ಗುಂಪಿನ ಹರಡಿಕೆಯನ್ನು ತೂತುಗಳ ಹೊರ ಅಂಚಿನಿಂದ ಅಳೆದಾಗ ಹಳೆಯದು ಸರಾಸರಿ 7 ಮಿ.ಮೀ., ಜರ್ಮನಿಯದು 6.8, ಚೀನಾದ್ದು 7.3, ರೈಫಲ್ಲಿನದು 8.6. ಅಗ್ಗದ್ದು 13 ದಾಟಿತು.

ಗುರಿಯ ನಟ್ಟನಡುವೆ ಹತ್ತು ಅಂಕ ಕೊಡುವ ವೃತ್ತದ ವ್ಯಾಸ 11.5 ಮಿ.ಮೀ. ಗೆರೆಗೆ ತಗುಲಿದರೂ ಹತ್ತೇ ಆದ್ದರಿಂದ ಪೆಲೆಟ್ಟಿನ ನಡುಬಿಂದು ಕೇಂದ್ರದಿಂದ 8 ಮಿ.ಮೀ. ಒಳಗಿದ್ದರೆ ಸಾಕು. ಅಂದರೆ ಮೊದಲ ಮೂರರಲ್ಲಿ ಯಾವುದನ್ನು ಹಾಕಿದರೂ ಹತ್ತು ತಪ್ಪಿದ ದೋಷ ನನ್ನ ಮಣಿಕಟ್ಟಿನದೇ. ಇಷ್ಟು ಗೊತ್ತಾದ ಮೇಲೂ 6.8ರ ಮೋಹ ಎರಡು ದಿನ ಬಿಡಲಿಲ್ಲ.

ವೇಗದ ಯಂತ್ರದಲ್ಲಿ ಹಳೆಯದು ಸೆಕೆಂಡಿಗೆ 150 ಮೀಟರಿನ ಆಸುಪಾಸು. ಆ ವೇಗದಲ್ಲಿ ಹತ್ತು ಮೀಟರಿಗೆ ಪೆಲೆಟ್ ಸುಮಾರು 22 ಮಿ.ಮೀ. ಇಳಿಯುತ್ತದೆ, ವೇಗ 145ಕ್ಕೆ ಬಿದ್ದರೆ ಇನ್ನೂ ಒಂದೂವರೆ ಮಿ.ಮೀ. ಎಲ್ಲವೂ ಒಂದೇ ಸಮನೆ ಇಳಿದರೆ ಗುರಿ ನೋಡಲು ಪಿಸ್ತೂಲಿನ ಹಿಂಬದಿಯಲ್ಲಿರುವ ಪಟ್ಟಿಯ ತಿರುಪನ್ನು ತುಸು ತಿರುಗಿಸಿದರಾಯಿತು. ಒಂದೊಂದು ಗುಂಡು ಒಂದೊಂದು ವೇಗದಲ್ಲಿ ಹೋದರೆ ತಿರುಗಿಸುವುದು ಯಾವುದಕ್ಕೆಂದು? ಅಗ್ಗದ್ದರ ರೋಗ ಅದೇ ಆಗಿತ್ತು.

ಜುಲೈ, ಮೂರನೆಯ ವಾರ
ಚೀನಾದ್ದನ್ನೇ ಆರಿಸಿದೆ. ಕಾರಣ ಸಾಧನೆಯಲ್ಲ, ದಾಸ್ತಾನು. ಜರ್ಮನಿಯ ಡಬ್ಬಿ ಅಂಗಡಿಯಲ್ಲಿದ್ದದ್ದು ಎರಡೇ, ಎರಡರ ಲಾಟ್ ಸಂಖ್ಯೆಯೂ ಬೇರೆ, ಅಂದರೆ ಒಂದೇ ಸಲ ತಯಾರಾದವಲ್ಲ. ಚೀನಾದ್ದು ಒಂದೇ ಲಾಟಿನ ಎಂಟು ಡಬ್ಬಿ ಸಿಕ್ಕವು. ಅಷ್ಟನ್ನೂ ಹೊತ್ತು ತಂದೆ. ಅರ್ಧ ಮಿಲಿಮೀಟರಿಗಿಂತ ಇಡೀ ಋತುವಿಗೆ ಒಂದೇ ಪೆಲೆಟ್ ಎಂಬ ನೆಮ್ಮದಿ ದೊಡ್ಡದು. ಹಣ ಕೇಳಿ ಹೆಂಡತಿ ಏನೂ ಅನ್ನಲಿಲ್ಲ, ಡಬ್ಬಿಗಳನ್ನು ಅಡುಗೆಮನೆಯ ಕಪಾಟಿನಿಂದ ಈಗಲೇ ತೆಗೆಯಿರಿ ಎಂದಳು. ಸೀಸದ ವಿಷಯದಲ್ಲಿ ಅವಳು ಹೇಳುವುದು ಸರಿ; ಕೈ ತೊಳೆಯದೆ ಚಹಾದ ಲೋಟ ಮುಟ್ಟುವ ಚಾಳಿಯನ್ನು ನಾನೂ ಬಿಡಬೇಕು.

ಮಳೆಗಾಲದ ತೇವಕ್ಕೆ ಸೀಸ ಬಿಳಿ ಬೂಷ್ಟು ಹಿಡಿಯುತ್ತದೆ. ಎಂಟು ಡಬ್ಬಿಗಳೂ ಈಗ ಸಿಲಿಕಾ ಪೊಟ್ಟಣಗಳ ಜೊತೆ ಬಿಗಿಮುಚ್ಚಳದ ಪೆಟ್ಟಿಗೆಯಲ್ಲಿ, ಅಟ್ಟದ ಮೇಲಿವೆ. ಹಳೆಯದರಲ್ಲಿ 140 ಉಳಿದಿದೆ. ಅದನ್ನು ಪಂದ್ಯದ ದಿನಕ್ಕೆ ಕಾದಿಡೋಣವೆಂದುಕೊಂಡಿದ್ದೆ. ಸುಬೇದಾರರು ತಲೆಯಾಡಿಸಿ, ‘ಇವತ್ತೇ ಮುಗಿಸಿಬಿಡಿ’ ಎಂದರು. ಈ ಸಂಜೆ ಅರವತ್ತನ್ನು ಹಾರಿಸಿದೆ, 600ಕ್ಕೆ 548 ಅಂಕ ಬಂತು. ಉಳಿದ ಎಂಬತ್ತು ನಾಳೆಗೆ.